ಉಸಿರು ಮರೆಯುವ ಕೂಸಿಗೆ ಕೆಫೀನ್

30 ವಾರಕ್ಕೆ ಹುಟ್ಟಿದ ಕೂಸು ಮೊದಲ ದಿನ ಚೆನ್ನಾಗಿಯೇ ಉಸಿರಾಡಿಕೊಂಡಿರುತ್ತದೆ. ಎರಡನೇ ದಿನವೋ ಮೂರನೇ ದಿನವೋ ಮಾನಿಟರ್ ಕೂಗುತ್ತದೆ. ಹೋಗಿ ನೋಡಿದರೆ ಎದೆ ಆಡುತ್ತಿಲ್ಲ, ತುಟಿಯ ಸುತ್ತ ನೀಲಿ, ಎದೆಬಡಿತ 150ರಿಂದ 80ಕ್ಕೆ ಇಳಿದಿದೆ. ಅಂಗಾಲನ್ನು ಮೆಲ್ಲಗೆ ಉಜ್ಜಿದರೆ ಮುಖ ಕಿವುಚಿ ಮತ್ತೆ ಉಸಿರು ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಅದೇ. ಉಸಿರು 20 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ, ಅಥವಾ ಕಡಿಮೆ ಹೊತ್ತೇ ನಿಂತರೂ ಎದೆಬಡಿತವೋ ಆಮ್ಲಜನಕದ ಮಟ್ಟವೋ ಬಿದ್ದರೆ, ಅದನ್ನು ಆಪ್ನಿಯಾ ಎಂದು ಬರೆದುಕೊಳ್ಳುತ್ತೇವೆ. 5–10 ಸೆಕೆಂಡು ನಿಂತು ತಾನಾಗಿಯೇ ಶುರುವಾಗುವ, ಬಣ್ಣ ಕೆಡದ ಉಸಿರಾಟ ಬೇರೆ. ಈ ವಯಸ್ಸಿಗೆ ಅದು ಸಹಜ, ಔಷಧ ಬೇಡ.

ಕಾರವಾರವಾಗಲಿ ಶಿರಸಿಯಾಗಲಿ, ನವಜಾತ ಶಿಶು ಘಟಕದಲ್ಲಿ ಇಂಥ ಕೂಸಿಗೆ ಬರೆಯುವ ಔಷಧ ಕೆಫೀನ್ ಸಿಟ್ರೇಟ್. ಹೆಸರು ಕೇಳಿದ ಅಜ್ಜಿಯಂದಿರು "ಕೂಸಿಗೆ ಕಾಫಿ ಕೊಡ್ತ್ರಾ ಸಿಸ್ಟರೇ?" ಎಂದು ಗಾಬರಿಯಾಗುತ್ತಾರೆ. ಕಾಫಿ ಪುಡಿಯಲ್ಲಿರುವ ವಸ್ತುವೇ ಇದು, ಸುಳ್ಳು ಹೇಳಬೇಕಾಗಿಲ್ಲ. ಆದರೆ ಇದು ಕೂಸನ್ನು ಎಚ್ಚರವಾಗಿಡಲು ಕೊಡುವ ಔಷಧವಲ್ಲ. ಕೆಲಸ ನಡೆಯುವುದು ಇಂಗಾಲದ ಡೈಆಕ್ಸೈಡಿಗೆ ಮಿದುಳು ತೋರುವ ಪ್ರತಿಕ್ರಿಯೆಯಲ್ಲಿ.

ನಾವು ಪ್ರತಿ ಸಲ ಉಸಿರೆಳೆಯುವುದು ಆಮ್ಲಜನಕ ಕಡಿಮೆಯಾಯಿತೆಂದಲ್ಲ, ಬಹುಪಾಲು ಇಂಗಾಲದ ಡೈಆಕ್ಸೈಡ್ ಏರಿತೆಂದು. ಅದು ರಕ್ತದಲ್ಲಿ ಏರಿದಾಗ ಮಿದುಳಿನ ಬುಡದ ಸುತ್ತಲ ದ್ರವ ತುಸು ಆಮ್ಲೀಯವಾಗುತ್ತದೆ, ಅಲ್ಲಿನ ಜೀವಕೋಶಗಳು ಅದನ್ನು ಗುರುತಿಸಿ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಆಜ್ಞೆ ಕಳಿಸುತ್ತವೆ. ಆರೋಗ್ಯವಂತ ವಯಸ್ಕರಲ್ಲಿ ಈ ಅನಿಲದ ಒತ್ತಡ 1 ಮಿಲಿಮೀಟರ್ ಪಾದರಸದಷ್ಟು ಏರಿದರೂ ಸಾಕು, ನಿಮಿಷಕ್ಕೆ ಒಳಹೋಗುವ ಗಾಳಿ 2–3 ಲೀಟರ್ ಹೆಚ್ಚುತ್ತದೆ. ಅವಧಿಗೆ ಮುಂಚಿನ ಕೂಸಿನ ಮಿದುಳು ಈ ಕರೆಗೆ ಕಿವಿ ಮಂದವಾದವರಂತೆ ವರ್ತಿಸುತ್ತದೆ. ಎಷ್ಟು ಬೇಗ ಹುಟ್ಟಿದೆಯೋ ಅಷ್ಟು ಮಂದ.

ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಇಂಗಾಲದ ಡೈಆಕ್ಸೈಡ್ ಒಂದು ಮಟ್ಟಕ್ಕಿಂತ ಇಳಿದರೆ ಯಾರಿಗಾದರೂ ಉಸಿರಾಟದ ಪ್ರೇರಣೆ ನಿಲ್ಲುತ್ತದೆ. ಕೂಸಿನಲ್ಲಿ ಆ ಮಟ್ಟ ಅದರ ಸಹಜ ಮಟ್ಟಕ್ಕಿಂತ ಬರೀ 1–1.5 ಮಿಲಿಮೀಟರ್ ಕೆಳಗಿದೆ. ಅತ್ತು ನಾಲ್ಕು ಉಸಿರು ಜೋರಾಗಿ ಎಳೆದರೆ ಸಾಕು, ಗೆರೆ ದಾಟಿ ಉಸಿರು ನಿಂತುಬಿಡುತ್ತದೆ. ನಿಂತಾಗ ಆಮ್ಲಜನಕ ಇಳಿಯುತ್ತದಲ್ಲ, ಆಗಲಾದರೂ ಕೂಸು ಜೋರಾಗಿ ಉಸಿರಾಡಬೇಕು. ಒಂದೆರಡು ನಿಮಿಷ ಆಡುತ್ತದೆ, ಆಮೇಲೆ ಮೊದಲಿಗಿಂತಲೂ ನಿಧಾನವಾಗುತ್ತದೆ. ಅದಕ್ಕೊಂದು ಕಾರಣ ಅಡಿನೋಸಿನ್. ಆಮ್ಲಜನಕ ಕಡಿಮೆಯಾದಾಗ ಮಿದುಳಿನಲ್ಲಿ ಹೆಚ್ಚುವ ಈ ರಾಸಾಯನಿಕ ಉಸಿರಾಟವನ್ನು ತಡೆದು ಹಿಡಿಯುತ್ತದೆ.

ಕೆಫೀನಿನ ಅಣು ಅಡಿನೋಸಿನ್ನಿನಂತೆಯೇ ಇದೆ. ಎ1, ಎ2ಎ ಎಂಬ ಗ್ರಾಹಕಗಳಲ್ಲಿ ಅದು ಹೋಗಿ ಕೂತರೆ ಅಡಿನೋಸಿನ್ನಿಗೆ ಜಾಗ ಸಿಗುವುದಿಲ್ಲ. ತಡೆ ಸಡಿಲಾಗುತ್ತದೆ. ಇಂಗಾಲದ ಡೈಆಕ್ಸೈಡ್ ಅಷ್ಟೇ ಇದ್ದರೂ ಪ್ರತಿಕ್ರಿಯೆ ಚುರುಕಾಗುತ್ತದೆ, ವಪೆಯ ಬಲವೂ ತುಸು ಹೆಚ್ಚುತ್ತದೆ. ಕಾಫಿ ಕುಡಿದ ದೊಡ್ಡವರಲ್ಲೂ ಇದೇ ಆಗುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ.

1970ರ ದಶಕದಲ್ಲಿ ಮೊದಲು ಬಳಕೆಗೆ ಬಂದದ್ದು ಕೆಫೀನಿನ ಸೋದರಸಂಬಂಧಿ ಥಿಯೋಫಿಲಿನ್, ಕೆಲವೇ ವರ್ಷಗಳಲ್ಲಿ ಕೆಫೀನ್. ವೈದ್ಯರಿಗೆ ಧೈರ್ಯ ಬಂದದ್ದು 2006ರಲ್ಲಿ, 500ರಿಂದ 1250 ಗ್ರಾಂ ತೂಕದ 2006 ಕೂಸುಗಳ ಮೇಲೆ ನಡೆದ ಕ್ಯಾಪ್ (ಕೆಫೀನ್ ಫಾರ್ ಆಪ್ನಿಯಾ ಆಫ್ ಪ್ರಿಮೆಚ್ಯೂರಿಟಿ) ಅಧ್ಯಯನದಿಂದ. ದೀರ್ಘಕಾಲದ ಶ್ವಾಸಕೋಶದ ತೊಂದರೆ ಕೆಫೀನ್ ಪಡೆಯದವರಲ್ಲಿ ಸುಮಾರು ಶೇ 47, ಪಡೆದವರಲ್ಲಿ ಶೇ 36. ಮರುವರ್ಷ ಬಂದ ಫಲಿತಾಂಶದಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲಿನ ಚಲನೆ ಕೆಡುವ ತೊಂದರೆ) ಶೇ 7.3ರಿಂದ 4.4ಕ್ಕೆ ಇಳಿದಿತ್ತು. ನವಜಾತ ಶಿಶುಗಳ ಔಷಧಗಳಲ್ಲಿ ಇಷ್ಟು ಒಳ್ಳೆಯ ಲೆಕ್ಕ ಸಿಗುವುದು ಅಪರೂಪ.

ಇನ್ನು ಕೆಲಸದ ವಿಚಾರ. ಕೆಫೀನ್ ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಉಸಿರು ನಿಂತದ್ದು ನಿಜವಾಗಿ ಎಳೆತನದಿಂದಲೇ ಎಂದು. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಬಂದರೆ, ತುಂಬು ತಿಂಗಳ ಕೂಸಿಗೆ ಬಂದರೆ, ಎರಡು ವಾರ ಚೆನ್ನಾಗಿದ್ದ ಕೂಸಿಗೆ ಹೊಸದಾಗಿ ಶುರುವಾದರೆ ಅನುಮಾನಪಡಲೇಬೇಕು. ಸೋಂಕು ಮೊದಲು ಕಾಣಿಸಿಕೊಳ್ಳುವುದು ಎಷ್ಟೋ ಸಲ ಆಪ್ನಿಯಾ ರೂಪದಲ್ಲೇ. ಹಾಗಾಗಿ ರಕ್ತದ ಸಕ್ಕರೆ ನೋಡುತ್ತೇವೆ, ಡೆಸಿಲೀಟರಿಗೆ 45 ಮಿಲಿಗ್ರಾಂ ಕೆಳಗಿದ್ದರೆ ಅದನ್ನು ಮೊದಲು ಸರಿಮಾಡಬೇಕು. ಸೋಂಕಿದೆಯೇ ತಿಳಿಯಲು ರಕ್ತ ಕಲ್ಚರ್‌ಗೆ ಹೋಗುತ್ತದೆ, ಹಿಮೋಗ್ಲೋಬಿನ್ ನೋಡುತ್ತೇವೆ. ಹೆರಿಗೆಗೆ ಮುಂಚೆ ತಾಯಿಗೆ ಮೆಗ್ನೀಸಿಯಂ ಸಲ್ಫೇಟ್ ಅಥವಾ ಮಂಪರು ಬರಿಸುವ ನೋವಿನ ಚುಚ್ಚುಮದ್ದು ಕೊಟ್ಟಿದ್ದರೇ ಎಂದು ಅವಳ ಕೇಸ್ ಶೀಟ್ ತಿರುವುತ್ತೇವೆ.

ನಮ್ಮ ಕಡೆ ಹೆಚ್ಚು ಸಲ ಸಿಗುವ ಕಾರಣ ಚಳಿ. ಆಷಾಢ ಶ್ರಾವಣದಲ್ಲಿ ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಿಂದ ಬರುವ ಕೂಸನ್ನು ಸುತ್ತಿದ ಬಟ್ಟೆಯೇ ಒದ್ದೆಯಾಗಿರುತ್ತದೆ. ಕಂಕುಳಿನ ಉಷ್ಣತೆ 36.5ರಿಂದ 37.5 ಡಿಗ್ರಿ ಇರಬೇಕು. 35.5 ಇರುವ ಕೂಸಿಗೆ ಕೆಫೀನ್ ಕೊಟ್ಟು ಉಸಿರಾಟ ಸರಿಹೋಗಲಿ ಎಂದು ಕಾಯುವುದು ವ್ಯರ್ಥ. ಒಣ ಬಟ್ಟೆ, ಟೋಪಿ, ವಾರ್ಮರ್ ಮೊದಲು. ಅವಸರದಿಂದ ಬಿಸಿ ಏರಿಸಿದರೂ ಉಸಿರು ನಿಲ್ಲುತ್ತದೆ, ಹಾಗಾಗಿ ವಾರ್ಮರಿನ ಚರ್ಮದ ಪ್ರೋಬ್ ಸರಿಯಾಗಿ ಅಂಟಿದೆಯೇ ನೋಡಲೇಬೇಕು. ಪ್ರೋಬ್ ಕಳಚಿ ಬಿದ್ದರೆ ಯಂತ್ರ ಕೂಸು ತಣ್ಣಗಿದೆ ಎಂದುಕೊಂಡು ಕಾಯಿಸುತ್ತಲೇ ಹೋಗುತ್ತದೆ.

ಕತ್ತನ್ನೂ ನೋಡಬೇಕು. ಗದ್ದ ಎದೆಗೆ ತಾಗಿದ್ದರೆ ಗಾಳಿಯ ದಾರಿಯೇ ಮಡಚಿಕೊಂಡಿರುತ್ತದೆ. ಹೆಗಲ ಕೆಳಗೆ ಬಟ್ಟೆಯ ಚಿಕ್ಕ ಸುರುಳಿ ಇಟ್ಟರೆ ಕತ್ತು ನೇರವಾಗುತ್ತದೆ. ಇಂಥ ಅಡ್ಡಗಟ್ಟಿದ ಆಪ್ನಿಯಾದಲ್ಲಿ ಎದೆ ಆಡುತ್ತಲೇ ಇರುತ್ತದೆ, ಗಾಳಿ ಮಾತ್ರ ಹೋಗುವುದಿಲ್ಲ. ಎದೆಯ ಮೇಲಿನ ಲೀಡುಗಳು ಆಡುವ ಎದೆಯನ್ನು ನೋಡಿ ಸುಮ್ಮನಿರುತ್ತವೆ, ಕೂಗುವುದು ಪಲ್ಸ್ ಆಕ್ಸಿಮೀಟರ್. ಅದಕ್ಕೇ ಎರಡೂ ಬೇಕು. ಈ ಬಗೆಯದಕ್ಕೆ ಕೆಫೀನಿನಿಂದ ಹೇಳಿಕೊಳ್ಳುವಂಥ ಪ್ರಯೋಜನವೂ ಇಲ್ಲ.

ಇವೆಲ್ಲ ಮುಗಿದು, ಡಾಕ್ಟರು ಕೆಫೀನ್ ಬರೆದ ಮೇಲೆ ಲೆಕ್ಕ. ಮೊದಲ ಲೋಡಿಂಗ್ ಡೋಸ್ ಕಿಲೋಗೆ 20 ಮಿಲಿಗ್ರಾಂ ಕೆಫೀನ್ ಸಿಟ್ರೇಟ್. ಕೂಸಿನ ತೂಕ 1200 ಗ್ರಾಂ ಎಂದುಕೊಳ್ಳಿ, 24 ಮಿಲಿಗ್ರಾಂ ಬೇಕು. ಮಿಲಿಗೆ 20 ಮಿಲಿಗ್ರಾಂ ಇರುವ ಬಾಟಲಿಯಾದರೆ 1.2 ಮಿಲಿ. 24 ಗಂಟೆಯ ಮೇಲೆ ದಿನಕ್ಕೊಮ್ಮೆ ಮೇಂಟೆನೆನ್ಸ್, ಕಿಲೋಗೆ 5 ಮಿಲಿಗ್ರಾಂ, ಅಂದರೆ 6 ಮಿಲಿಗ್ರಾಂ, 0.3 ಮಿಲಿ. ಆಪ್ನಿಯಾ ನಿಲ್ಲದಿದ್ದರೆ 10ರವರೆಗೆ ಏರಿಸುವುದುಂಟು, ಆಗ 0.6 ಮಿಲಿ.

ಇಲ್ಲೇ ದೊಡ್ಡ ಎಡವಟ್ಟುಗಳಾಗುವುದು. 20 ಮಿಲಿಗ್ರಾಂ ಕೆಫೀನ್ ಸಿಟ್ರೇಟ್‌ನಲ್ಲಿ ಶುದ್ಧ ಕೆಫೀನ್ ಇರುವುದು 10 ಮಿಲಿಗ್ರಾಂ ಮಾತ್ರ. ಒಬ್ಬರು ಶುದ್ಧ ಕೆಫೀನಿನ ಲೆಕ್ಕದಲ್ಲಿ 10 ಎಂದು ಬರೆದು, ಇನ್ನೊಬ್ಬರು ಅದನ್ನು ಸಿಟ್ರೇಟ್ ಎಂದು ಓದಿದರೆ ಅರ್ಧ ಡೋಸ್ ಹೋಗುತ್ತದೆ. ತಿರುಗುಮುರುಗಾದರೆ ದುಪ್ಪಟ್ಟು. ಆದ್ದರಿಂದ ಬರೀ 'ಕೆಫೀನ್' ಎಂದು ಬರೆಯುವ ಹಾಗಿಲ್ಲ, ಸಿಟ್ರೇಟ್ ಎಂಬ ಪದ, ಮಿಲಿಗ್ರಾಂ, ಮಿಲಿ ಮೂರೂ ಶೀಟಿನಲ್ಲಿರಬೇಕು. ಎರಡನೆಯದು ಬಾಟಲಿಯ ಚೀಟಿ. ಕೆಫೀನ್ ಸೋಡಿಯಂ ಬೆಂಜೋಯೇಟ್ ಎಂಬ ಬೇರೆ ಚುಚ್ಚುಮದ್ದಿದೆ, ಅದು ದೊಡ್ಡವರದು. ಬೆಂಜೋಯೇಟ್ ಕೂಸಿನ ರಕ್ತದಲ್ಲಿ ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ನನ್ನು ಅದರ ವಾಹಕ ಪ್ರೋಟೀನಿನಿಂದ ಕಳಚಿ, ಕಾಮಾಲೆ ಮಿದುಳಿಗೆ ತಾಗುವ ಅಪಾಯ ಹೆಚ್ಚಿಸುತ್ತದೆ. ನವಜಾತ ಶಿಶುವಿಗೆ ಅದು ಸಲ್ಲದು. ಮೂರನೆಯದು ಸಿರಿಂಜ್: 0.3 ಮಿಲಿ ಎಳೆಯಲು 1 ಮಿಲಿಯ ಸಿರಿಂಜೇ ಬೇಕು. ಯೂನಿಟ್ ಗೆರೆಗಳಿರುವ ಇನ್ಸುಲಿನ್ ಸಿರಿಂಜಿನಲ್ಲಿ ಎಳೆದು 30 ಎಂದು ಓದಿದವರಿಗೆ ಕೊಟ್ಟದ್ದೆಷ್ಟು ಎಂದೇ ಗೊತ್ತಿರುವುದಿಲ್ಲ. ಸಂರಕ್ಷಕ ಹಾಕದ ಬಾಟಲಿ ಒಮ್ಮೆ ತೆರೆದರೆ ಉಳಿದದ್ದನ್ನು ಚೆಲ್ಲಬೇಕು. ಬೆಲೆ ನೋಡಿ ಫ್ರಿಜ್ಜಿನಲ್ಲಿಟ್ಟು ನಾಳೆಗೆ ಬಳಸುವ ಉಳಿತಾಯ ಬೇಡ.

ಲೋಡಿಂಗ್ ಡೋಸನ್ನು 30 ನಿಮಿಷ ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತೇವೆ. ಆ 1.2 ಮಿಲಿಗೆ ಶೇ 5 ಡೆಕ್ಸ್ಟ್ರೋಸ್ ಸೇರಿಸಿ 4 ಮಿಲಿ ಮಾಡಿಕೊಂಡು ಸಿರಿಂಜ್ ಪಂಪನ್ನು ಗಂಟೆಗೆ 8 ಮಿಲಿಗೆ ಇಟ್ಟರೆ ಅರ್ಧ ಗಂಟೆಗೆ ಮುಗಿಯುತ್ತದೆ. ಪಂಪ್ 'ಮುಗಿಯಿತು' ಎಂದು ಕೂಗಿದಾಗ ಔಷಧ ಪೂರ್ತಿ ಹೋಗಿರುವುದಿಲ್ಲ. ಉದ್ದನೆಯ ಎಕ್ಸ್‌ಟೆನ್ಶನ್ ಟ್ಯೂಬಿನೊಳಗೆ 1 ಮಿಲಿ, ಕೆಲವದರಲ್ಲಿ ಇನ್ನೂ ಹೆಚ್ಚು ಉಳಿದಿರುತ್ತದೆ. 4ರಲ್ಲಿ 1 ಎಂದರೆ ಕಾಲು ಭಾಗದ ಡೋಸ್. ಅದನ್ನು ತೆಗೆದು ಬಿಸಾಡಿದರೆ ಕೂಸಿಗೆ ಸಿಕ್ಕಿದ್ದು ಕಿಲೋಗೆ 15 ಮಿಲಿಗ್ರಾಮಿನ ಲೆಕ್ಕ, ಶೀಟಿನಲ್ಲಿರುವುದು 20. ಅದೇ ವೇಗದಲ್ಲಿ ಡೆಕ್ಸ್ಟ್ರೋಸ್ ಓಡಿಸಿ ಟ್ಯೂಬ್ ಖಾಲಿ ಮಾಡಬೇಕು. ಕೈಯಿಂದ ಒತ್ತಿ ತಳ್ಳಬಾರದು. ಈ ದ್ರವವೆಲ್ಲ ದಿನದ ಲೆಕ್ಕಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ಕರೆಂಟಿನ ಕತೆ ಹೇಳಬೇಕಾಗಿಲ್ಲ, ಪಂಪಿನ ಬ್ಯಾಟರಿ ಚಾರ್ಜ್ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಈ ಡೋಸ್ ದೊಡ್ಡದು. 60 ಕಿಲೋ ತೂಕದ ವಯಸ್ಕರಿಗೆ ಇದೇ ಲೆಕ್ಕ ಹಾಕಿದರೆ 600 ಮಿಲಿಗ್ರಾಂ ಶುದ್ಧ ಕೆಫೀನ್. ಲೋಟಕ್ಕೆ 100 ಎಂದು ಹಿಡಿದರೆ ಆರು ಲೋಟ ಗಟ್ಟಿ ಕಾಫಿ ಒಂದೇ ಸಲಕ್ಕೆ. ಅದಕ್ಕಿಂತ ಮುಖ್ಯವಾದದ್ದು ಅದು ಮೈಯಲ್ಲಿ ಉಳಿಯುವ ಕಾಲ. ವಯಸ್ಕರಲ್ಲಿ ಅರ್ಧ ಕೆಫೀನ್ ಸುಮಾರು 5 ಗಂಟೆಯಲ್ಲಿ ಕರಗುತ್ತದೆ. ಈ ಕೂಸಿಗೆ ಅರ್ಧ ಹೋಗಲು ಸುಮಾರು 100 ಗಂಟೆ, ಅಂದರೆ ನಾಲ್ಕು ದಿನ ಬೇಕು. ಕೆಫೀನನ್ನು ಒಡೆಯುವ ಯಕೃತ್ತಿನ ಕಿಣ್ವ ಇನ್ನೂ ತಯಾರಾಗಿರುವುದಿಲ್ಲ, ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೋಗಬೇಕು. ದಿನಕ್ಕೆ ಒಂದೇ ಡೋಸ್ ಸಾಲುವುದು ಇದರಿಂದಲೇ. ಒಂದು ದಿನ ಮೂರ್ನಾಲ್ಕು ಗಂಟೆ ತಡವಾದರೆ ಆಕಾಶ ಬೀಳುವುದಿಲ್ಲ, ತಪ್ಪಿಹೋಯಿತೆಂದು ಮರುದಿನ ಎರಡರಷ್ಟು ಕೊಡುವುದೇ ಅಪಾಯ.

ಕೊಟ್ಟ ಮೇಲೆ ಪರಿಣಾಮ ಕೆಲವೇ ಗಂಟೆಗಳಲ್ಲಿ ಕಾಣುತ್ತದೆ. ಆಪ್ನಿಯಾ ಪೂರ್ತಿ ನಿಂತುಬಿಡುತ್ತದೆ ಎಂದು ಮನೆಯವರಿಗೆ ಹೇಳುವುದಿಲ್ಲ, ಸಂಖ್ಯೆ ಕಡಿಮೆಯಾಗುತ್ತದೆ, ಬಂದದ್ದೂ ಬೇಗ ಬಿಡುತ್ತದೆ. ಮಾನಿಟರಿನ ಮಿತಿ: ಉಸಿರು 20 ಸೆಕೆಂಡು, ಎದೆಬಡಿತ 100. ಆಮ್ಲಜನಕ ಕೊಡುತ್ತಿದ್ದರೆ ಸ್ಯಾಚುರೇಶನ್ 90ರಿಂದ 95ರ ನಡುವೆ ಇರಲಿ. ಅಲಾರಂ ಆದಾಗ ಮೊದಲು ನೋಡುವುದು ಕೂಸನ್ನು, ಪರದೆಯನ್ನಲ್ಲ. ಕತ್ತು ನೇರ ಮಾಡಿ, ಹಾಲು ಬಂದಿದ್ದರೆ ಬಾಯಿ ಆಮೇಲೆ ಮೂಗು ಎಂಬ ಕ್ರಮದಲ್ಲಿ ತೆಗೆದು, ಅಂಗಾಲನ್ನೋ ಬೆನ್ನನ್ನೋ ಉಜ್ಜಬೇಕು. ತಟ್ಟುವುದು, ಕುಲುಕುವುದು ಕೂಡದು. ಆದರೂ ಉಸಿರು ಬಾರದಿದ್ದರೆ ತಡಮಾಡದೆ ಬ್ಯಾಗ್ ಮತ್ತು ಮಾಸ್ಕ್, ನಿಮಿಷಕ್ಕೆ 40–60 ಸಲ. ಅದಾದ ಮೇಲೆ ಬರೆಯಬೇಕು: ಎಷ್ಟು ಹೊತ್ತು, ಬಡಿತ ಎಲ್ಲಿಗಿಳಿಯಿತು, ಬಣ್ಣ, ತಾನೇ ಚೇತರಿಸಿತೋ ಉಜ್ಜಬೇಕಾಯಿತೋ, ಹಾಲು ಕೊಟ್ಟು ಎಷ್ಟು ಹೊತ್ತಾಗಿತ್ತು. 'ಆಪ್ನಿಯಾ ಬಂತು' ಎಂದಷ್ಟೇ ಬರೆದ ಶೀಟಿನಿಂದ ಮರುದಿನ ರೌಂಡ್ಸಿನಲ್ಲಿ ಏನೂ ತೀರ್ಮಾನಿಸಲಾಗದು. ಪ್ರತಿ ಸಲ ಹಾಲಿನ ಬೆನ್ನಿಗೇ ಬರುತ್ತಿದ್ದರೆ ಹಾಲು ಕೊಡುವ ವೇಗ ತಗ್ಗಿಸುವುದು ಕೆಫೀನ್ ಏರಿಸುವುದಕ್ಕಿಂತ ಒಳ್ಳೆಯದು. ಕೆಫೀನ್ ಇದ್ದರೂ ಪದೇ ಪದೇ ಬಂದರೆ ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಜೊತೆಯಾಗುತ್ತದೆ. ತಾಯಿಯ ಎದೆಗೆ ನೆಟ್ಟಗೆ ಅಪ್ಪಿಸಿ ಇಡುವ ಕಾಂಗರೂ ಆರೈಕೆಯೂ ಉಸಿರನ್ನು ಸ್ಥಿರಗೊಳಿಸುತ್ತದೆ, ಅಲ್ಲೂ ಗದ್ದ ಎದೆಗೆ ಒತ್ತದಂತೆ ಮುಖ ಒಂದು ಪಕ್ಕಕ್ಕಿರಬೇಕು.

ಹಾಲು ಕುಡಿಯಲು ಶುರುಮಾಡಿದ ಕೂಸಿಗೆ ಮೇಂಟೆನೆನ್ಸ್ ಡೋಸನ್ನು ನಳಿಕೆಯಲ್ಲೇ ಕೊಡಬಹುದು. ಹೊಟ್ಟೆಯಿಂದ ಹೆಚ್ಚುಕಡಿಮೆ ಪೂರ್ತಿ ಹೀರಿಕೊಳ್ಳುವುದರಿಂದ ಡೋಸ್ ಬದಲಾಗುವುದಿಲ್ಲ. 0.3 ಮಿಲಿ ನಳಿಕೆಯ ಗೋಡೆಗೇ ಅಂಟಿಕೊಳ್ಳಬಹುದು, ಹಿಂದೆಯೇ ಹಾಲು ಹೋಗಬೇಕು. ಪ್ರತಿ ಡೋಸಿಗೆ ಮುಂಚೆ ಕೂಸು ಸುಮ್ಮನಿದ್ದಾಗ ಬಡಿತ ಎಣಿಸಬೇಕು. 180 ಮೀರಿದ್ದರೆ ಡೋಸ್ ತಡೆದು ಡಾಕ್ಟರಿಗೆ ಹೇಳುತ್ತೇವೆ. ಕೈಕಾಲು ನಡುಕ, ವಾಂತಿ, ಏರಿದ ಸಕ್ಕರೆ ಕೂಡ ಹೆಚ್ಚಾದದ್ದರ ಗುರುತು. ಕೆಫೀನ್ ಮೈಯ ಉರಿತವನ್ನು ತುಸು ಹೆಚ್ಚಿಸುವುದರಿಂದ ಮೊದಲ ವಾರಗಳಲ್ಲಿ ತೂಕ ಸ್ವಲ್ಪ ನಿಧಾನವಾಗಿ ಏರುತ್ತದೆ. ಕ್ಯಾಪ್ ಅಧ್ಯಯನದಲ್ಲಿ ಎರಡನೇ ವಾರಕ್ಕೆ ಕಂಡ ವ್ಯತ್ಯಾಸ 23 ಗ್ರಾಂ, ಆಮೇಲೆ ಅದು ಉಳಿಯಲಿಲ್ಲ. ತೂಕ ಹೆಚ್ಚಿದಂತೆ ಡೋಸನ್ನೂ ವಾರಕ್ಕೊಮ್ಮೆ ತಿದ್ದಬೇಕು. ಇದನ್ನು ಮರೆಯುವುದು ಬಹಳ ಸಾಮಾನ್ಯ: 1200 ಗ್ರಾಮಿಗೆ ಬರೆದ 6 ಮಿಲಿಗ್ರಾಂ 1600 ಗ್ರಾಂ ಆದರೂ ಹಾಗೇ ನಡೆದಿರುತ್ತದೆ, ಆಪ್ನಿಯಾ ಮರಳಿತೆಂದು ಎಲ್ಲರೂ ಸೋಂಕು ಹುಡುಕುತ್ತಿರುತ್ತಾರೆ.

ಕೆಫೀನ್ ಸಿಗದ ಚಿಕ್ಕ ಆಸ್ಪತ್ರೆಗಳಲ್ಲಿ ಥಿಯೋಫಿಲಿನ್ನಿನದೇ ಒಂದು ರೂಪವಾದ ಅಮಿನೋಫಿಲಿನ್ ಕೊಡುತ್ತಾರೆ. ಕೆಲಸ ಮಾಡುತ್ತದೆ, ಆದರೆ 8 ಅಥವಾ 12 ಗಂಟೆಗೊಮ್ಮೆ ಕೊಡಬೇಕು, ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಕಿರಿದು. ಕೂಸಿನ ಮೈ ಥಿಯೋಫಿಲಿನ್‌ನ ಒಂದು ಭಾಗವನ್ನು ತಾನೇ ಕೆಫೀನ್ ಮಾಡಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಕೊಡಬಾರದು ಎನ್ನುವುದು ಅದಕ್ಕೇ.

ಯಾವ ಔಷಧ, ಎಷ್ಟು ಕೊಟ್ಟಿದೆ ಎನ್ನುವುದು ಕೂಸನ್ನು ಬೇರೆಡೆ ಕಳಿಸುವಾಗ ಬಹಳ ಮುಖ್ಯವಾಗುತ್ತದೆ. ಜಿಲ್ಲೆಯಿಂದ ದೊಡ್ಡ ಆಸ್ಪತ್ರೆಗೆ ಎಂದರೆ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಕರಾವಳಿಯಿಂದಾದರೆ ಮಣಿಪಾಲ, ಮಂಗಳೂರು ಅಥವಾ ಗೋವಾ. ದೇವಿಮನೆ ಘಾಟಿನಲ್ಲೋ ಅರಬೈಲಿನಲ್ಲೋ ತಿರುವು ತಿರುಗುತ್ತಿರುವ ಆಂಬುಲೆನ್ಸಿನಲ್ಲಿ ಉಸಿರು ನಿಂತರೆ ಅಂಗಾಲು ಉಜ್ಜುವುದೂ ಕಷ್ಟ. ಹೊರಡುವ ಮುಂಚೆ ಲೋಡಿಂಗ್ ಮುಗಿಸಿ, ಆಪ್ನಿಯಾ ಹತೋಟಿಗೆ ಬಂದಿದೆಯೇ ನೋಡಿ ಹೊರಡುವುದು ಮೇಲು. ಕಳಿಸುವ ಚೀಟಿಯಲ್ಲಿ ಔಷಧದ ಪೂರ್ತಿ ಹೆಸರು, ಮಿಲಿಗ್ರಾಂ, ಕೊಟ್ಟ ಗಂಟೆ ಇರಲೇಬೇಕು. '1 ಮಿಲಿ ಕೊಟ್ಟಿದೆ' ಎಂದು ಬರೆದ ಚೀಟಿಯಿಂದ ಪ್ರಯೋಜನವಿಲ್ಲ, ಏನೂ ಬರೆಯದಿದ್ದರಂತೂ ಅಲ್ಲಿ ಇನ್ನೊಂದು ಲೋಡಿಂಗ್ ಬೀಳುತ್ತದೆ. ಅದು ಮೈಬಿಟ್ಟು ಹೋಗಲು ದಿನಗಟ್ಟಲೆ ಬೇಕು.

ಕೊಡುವುದಕ್ಕಿಂತ ನಿಲ್ಲಿಸುವುದು ಕಷ್ಟ ಎನ್ನುವುದು ನಮ್ಮ ಅಭಿಪ್ರಾಯ. ಗರ್ಭದ ವಾರಗಳೂ ಹುಟ್ಟಿದ ಮೇಲಿನ ವಾರಗಳೂ ಸೇರಿ ಸುಮಾರು 34 ಆದಾಗ, ಕೆಲವು ದಿನಗಳಿಂದ ಆಪ್ನಿಯಾ ಇಲ್ಲದಿದ್ದರೆ ಕೆಫೀನ್ ನಿಲ್ಲಿಸುತ್ತಾರೆ. ಮರುದಿನ ಕೂಸು ಚೆನ್ನಾಗಿರುತ್ತದೆ, ಮೂರನೇ ದಿನವೂ ಚೆನ್ನಾಗಿರುತ್ತದೆ. ಮನೆಯವರು ಬಟ್ಟೆ ಕಟ್ಟಿಕೊಂಡು ಕೂತಿರುತ್ತಾರೆ. ಅಡಕೆ ಕೊಯ್ಲು, ಗದ್ದೆ ನೆಟ್ಟಿ, ಮನೆಯಲ್ಲಿ ಇನ್ನೊಂದು ಮಗು, ಎಲ್ಲವೂ ನಿಜ. ಆದರೆ ನಾಲ್ಕನೇ ದಿನವೂ ಅರ್ಧದಷ್ಟು ಕೆಫೀನ್ ಒಳಗೇ ಇರುತ್ತದೆ. ಅಲ್ಲಿಯವರೆಗೆ ಉಸಿರಾಡಿದ್ದು ಕೂಸಿನ ಸ್ವಂತ ಬಲದಿಂದಲೋ ಔಷಧದ ಬಲದಿಂದಲೋ ಹೇಳಲಾಗುವುದಿಲ್ಲ. ಅದಕ್ಕೇ ನಿಲ್ಲಿಸಿದ ಮೇಲೆ 5ರಿಂದ 7 ದಿನ ಮಾನಿಟರಿನಲ್ಲಿ ಇಟ್ಟು ನೋಡುವುದು. ನಡುವೆ ಉಜ್ಜಿ ಎಬ್ಬಿಸಬೇಕಾದ ಒಂದು ಆಪ್ನಿಯಾ ಬಂದರೂ ಎಣಿಕೆ ಮೊದಲಿಂದ. 28 ವಾರಕ್ಕಿಂತ ಮುಂಚೆ ಹುಟ್ಟಿದವರಲ್ಲಿ ಇದು 34 ವಾರ ಕಳೆದ ಮೇಲೂ ಎಳೆಯುವುದುಂಟು. ಈ ಅರ್ಧ ಕರಗುವ ಲೆಕ್ಕವನ್ನು ಅಪ್ಪನ ಮುಂದೆ ಕಾಗದದಲ್ಲಿ ಬರೆದು ತೋರಿಸಿದರೆ ಒಪ್ಪುತ್ತಾರೆ. 'ಡಾಕ್ಟರ್ ಹೇಳಿದ್ದಾರೆ' ಎಂದರೆ ಒಪ್ಪುವುದಿಲ್ಲ.

ಮನೆಗೆ ಹೋಗುವಾಗ ಬರುವ ಪ್ರಶ್ನೆಗಳಿಗೂ ಉತ್ತರ ಸಿದ್ಧವಿರಬೇಕು. ಬಾಣಂತಿ ಕೊತ್ತಂಬರಿ ಜೀರಿಗೆಯ ಕಷಾಯ ಕುಡಿಯಲಿ, ಅದರಲ್ಲಿ ಕೆಫೀನೇ ಇಲ್ಲ. ದಿನಕ್ಕೊಂದೆರಡು ಲೋಟ ಚಹಾ ಕುಡಿದರೆ ಎದೆಹಾಲಿಗೆ ಬರುವುದು ತೀರಾ ಕಡಿಮೆ. ಕೂಸಿನ ಉಸಿರಿಗೆ ಅದರಿಂದ ಉಪಕಾರವೂ ಇಲ್ಲ, ಅಪಕಾರವೂ ಇಲ್ಲ. ಔಷಧ ನಿಂತಿತೆಂದು ಮನೆಯಲ್ಲಿ ಡಿಕಾಕ್ಷನ್ನಿನ ಹನಿ ನೆಕ್ಕಿಸುವ ಯೋಚನೆ ಮಾತ್ರ ಬೇಡವೇ ಬೇಡ, ಬಜೆ, ಜೇನೂ ಹಾಗೆಯೇ. ಮಲಗಿಸುವುದು ಅಂಗಾತ. ಘಟ್ಟದ ದಾರಿಯಲ್ಲಿ ಮಡಿಲಲ್ಲಿ ಮುದುರಿ ಮಲಗಿದ ಕೂಸಿನ ಗದ್ದ ಎದೆಗೆ ಬೀಳದಂತೆ ಯಾರಾದರೂ ಒಬ್ಬರು ದಾರಿಯುದ್ದಕ್ಕೂ ನೋಡುತ್ತಿರಬೇಕು. ಮಳೆಗಾಲದಲ್ಲಿ ನೆಗಡಿಯಾದವರು ಹತ್ತಿರ ಹೋಗಬಾರದು, ಎಳೆಯ ಕೂಸಿಗೆ ನೆಗಡಿ ಹತ್ತಿದರೆ ನಿಂತಿದ್ದ ಆಪ್ನಿಯಾ ಮತ್ತೆ ತಲೆಯೆತ್ತಬಹುದು. ಉಸಿರು ನಿಂತು ಬಣ್ಣ ಬದಲಾದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ.

ಡಿಸ್ಚಾರ್ಜ್ ಕಾಗದದಲ್ಲಿ ಹುಟ್ಟಿದ ವಾರ, ಕೊನೆಯ ಕೆಫೀನ್ ಡೋಸಿನ ತಾರೀಖು, ಕೊನೆಯ ಆಪ್ನಿಯಾದ ತಾರೀಖು ಬರೆದುಕೊಡುತ್ತೇವೆ, ಅದನ್ನು ಜೋಪಾನವಾಗಿಡಲು ಹೇಳುತ್ತೇವೆ. ಅವಧಿಗೆ ಮುಂಚೆ ಹುಟ್ಟಿದ ಗಂಡು ಕೂಸುಗಳಲ್ಲಿ ತೊಡೆಸಂದಿನ ಹರ್ನಿಯಾ ಸಾಮಾನ್ಯ, ಎರಡು ಮೂರು ತಿಂಗಳಲ್ಲೇ ಆಪರೇಷನ್ ಬೇಕಾಗಬಹುದು. ಗರ್ಭದ ವಾರ ಸೇರಿಸಿ ಸುಮಾರು 60 ವಾರ ಆಗುವವರೆಗೆ ಅರಿವಳಿಕೆಯ ನಂತರ ಉಸಿರು ನಿಲ್ಲುವ ಅಪಾಯ ಉಳಿದಿರುತ್ತದೆ. ಆ ಕಾಗದ ತೋರಿಸಿದರೆ ಅರಿವಳಿಕೆ ವೈದ್ಯರು ಅಂದೇ ಮನೆಗೆ ಕಳಿಸದೆ ರಾತ್ರಿಯಿಡೀ ಮಾನಿಟರಿನಲ್ಲಿ ಇಟ್ಟುಕೊಳ್ಳುತ್ತಾರೆ, ಬೇಕೆನಿಸಿದರೆ ಮತ್ತೊಂದು ಡೋಸ್ ಕೆಫೀನನ್ನೂ ಕೊಡುತ್ತಾರೆ.